ಸೈಕಲ್ ಕಟ್ಟೆ: ‘ಎ ಒನ್ ಕಂಡಿಶನ್’ ಅಂದರೆ ಯಾವ ಭಾಗ?

(ಬಳ್ಳಾರಿ ಕೌಲ್ ಬಜಾರಿನ ಸೈಕಲ್ ಮೆಕ್ಯಾನಿಕ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ)

ಪ್ರಶ್ನೆ: ಅಣ್ಣಾ, ನನ್ನ ಮಗ ಒಂಬತ್ತನೇ ತರಗತಿ. ಎತ್ತರ ನಾಲ್ಕು ಅಡಿ ಹತ್ತು ಇಂಚು. ಮೊಬೈಲಿನಲ್ಲಿ ಒಂದು ಹಳೇ ಸೈಕಲ್ ನೋಡಿ ಅದೇ ಬೇಕು ಅಂತ ಹಟ ಹಿಡಿದಿದ್ದಾನೆ. ಬರೆದಿರುವುದು ಇಷ್ಟು: ‘26 ಇಂಚು, 21 ಗೇರ್, ಶಿಮಾನೊ, ಅಲಾಯ್, ಡಿಸ್ಕ್ ಬ್ರೇಕ್. ಒಂದೇ ವರ್ಷ ಓಡಿಸಿದ್ದು. ಎ ಒನ್ ಕಂಡಿಶನ್. ಹೊಸದರ ಬೆಲೆ 16,000, ಕೊನೇ ಬೆಲೆ 8,500. ಬಿಲ್ ಇಲ್ಲ. ಅರ್ಜೆಂಟ್.’ ಫೋಟೋ ಎರಡಿವೆ, ಕಳಿಸಿದ್ದೇನೆ. ನಂಬಬಹುದಾ?
— ಓದುಗರು, ಸಂಡೂರು

ಉತ್ತರ: ಅಕ್ಕಾ, ಫೋಟೋ ನೋಡಿದೆ. ಎರಡೂ ಎಡಗಡೆಯಿಂದ ತೆಗೆದವು. ಚೈನು, ಚೈನ್‌ವೀಲು, ಫ್ರೀವೀಲು (ಅಂದರೆ ಪೆಡಲ್ ಹತ್ತಿರದ, ಹಿಂದಿನ ಗಾಲಿಯ ಹಲ್ಲಿನ ಚಕ್ರಗಳು) ಎಲ್ಲ ಇರುವುದು ಬಲಗಡೆ. ಗೇರ್ ಸೈಕಲ್ ಅಂತ ಮಾರುವವರು ಗೇರನ್ನೇ ತೋರಿಸಿಲ್ಲ. ಮೊದಲು ಆ ಫೋಟೋ ಕೇಳಿ.

ಇಂಥ ಜಾಹೀರಾತುಗಳಲ್ಲಿ ಹಸಿ ಸುಳ್ಳು ಕಮ್ಮಿ. ಒಂದು ಭಾಗದ ನಿಜವನ್ನು ಇಡೀ ಸೈಕಲ್ಲಿಗೆ ಹಚ್ಚಿರುತ್ತಾರೆ, ಅಷ್ಟೇ. ಅದಕ್ಕೇ ಪ್ರತಿ ಮಾತಿಗೂ ‘ಯಾವುದು?’ ಅಂತ ಕೇಳಬೇಕು. ಶಿಮಾನೊ ಯಾವುದು? ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ಒಂದರ ಮೇಲೆ ಆ ಹೆಸರಿದ್ದು, ಗೇರ್ ಬದಲಿಸುವ ಹ್ಯಾಂಡಲ್ಲಿನ ಶಿಫ್ಟರ್ ಬೇರೆ ಯಾವುದೋ ಇರುತ್ತದೆ. ಎಲ್ಲ ಅವರದೇ ಆದರೂ, ಟೂರ್ನಿ ಅನ್ನುವ ಕೆಳಗಿನ ದರ್ಜೆಯಿಂದ ರೇಸಿನವರ ಡ್ಯೂರಾ-ಏಸ್ ತನಕ ಆ ಕಂಪನಿಯಲ್ಲಿ ಮಾಲಿದೆ. ಬರೀ ಹೆಸರು ಹೇಳಿದರೆ ಏನು ಹೇಳಿದಂತಾಯಿತು? 21 ಗೇರ್ ಅಂದರೆ ಮುಂದೆ ಮೂರು ಹಲ್ಲಿನ ಚಕ್ರ, ಹಿಂದೆ ಏಳು. ಲೆಕ್ಕ ಸರಿ. ಆದರೆ ನನ್ನ ಅಂಗಡಿಗೆ ಬರುವ ಹಳೆಯವುಗಳಲ್ಲಿ ಎಷ್ಟೋ ಸಲ ಮುಂದಿನ ಶಿಫ್ಟರ್ ಜಾಮ್ ಆಗಿರುತ್ತದೆ. ಆಗ ಉಳಿದದ್ದು ಏಳೇ.

ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹ) ಯಾವುದು, ರಿಮ್ಮೋ ಫ್ರೇಮೋ? ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಬೊಂಬೆ ಇರುತ್ತಲ್ಲ, ಅದನ್ನು ತೆಗೆದುಕೊಂಡು ಹೋಗಿ. ಫ್ರೇಮಿಗೆ ಕಚ್ಚಿಕೊಂಡರೆ ಅದು ಸ್ಟೀಲು. ಸ್ಟೀಲು ಕೆಟ್ಟದ್ದೇನಲ್ಲ. ನಮ್ಮ ಕಡೆಯ ರಸ್ತೆಗೆ ನನಗಂತೂ ಸ್ಟೀಲೇ ಇಷ್ಟ. ಅಲಾಯ್ ಬೆಲೆ ಮಾತ್ರ ಕೊಡಬೇಡಿ. ಡಿಸ್ಕ್ ಬ್ರೇಕೂ ಹಾಗೇ. ಮುಂದೆ ಒಂದಕ್ಕೇ ಇದ್ದರೂ ‘ಡಿಸ್ಕ್ ಬ್ರೇಕ್ ಸೈಕಲ್’ ಅಂತಲೇ ಬರೆಯುತ್ತಾರೆ. ಗಾಲಿ ಎತ್ತಿ ತಿರುಗಿಸಿ. ಸುತ್ತಿಗೊಮ್ಮೆ ‘ಸರ್’ ಅಂತ ಉಜ್ಜಿದರೆ ಪ್ಲೇಟು ಬೆಂಡಾಗಿರಬಹುದು.

26 ಇಂಚು ಅನ್ನುವುದು ಗಾಲಿಯ ಅಳತೆ. ನಿಮ್ಮ ಮಗನಿಗೆ ಮುಖ್ಯ ಫ್ರೇಮಿನ ಅಳತೆ, ಅದನ್ನೇ ಬರೆದಿಲ್ಲ. ಅದೇ 26ರ ಗಾಲಿಗೆ 14 ಇಂಚಿನ ಫ್ರೇಮೂ ಇರುತ್ತದೆ, 18 ಇಂಚಿನದೂ ಇರುತ್ತದೆ. ಬಾರಿನ ಎರಡೂ ಕಡೆ ಕಾಲಿಟ್ಟು, ಪಾದ ಪೂರ್ತಿ ನೆಲಕ್ಕೂರಿ ನಿಂತಾಗ ನಡುವೆ ಎರಡು ಬೆರಳಾದರೂ ಜಾಗ ಉಳಿಯಬೇಕು. ಅವನ ಎತ್ತರಕ್ಕೆ 18ರ ಫ್ರೇಮ್ ಖಂಡಿತ ದೊಡ್ಡದು.

ಚೈನನ್ನು ಮಾತ್ರ ಕೂತು ನೋಡಿ. ಕಂಪಾಸ್ ಬಾಕ್ಸಿನ ಆರಿಂಚಿನ ಸ್ಕೇಲು ಸಾಲಲ್ಲ, ಒಂದಡಿಯದು ಬೇಕು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುಮಧ್ಯೆ ಇಡಿ. ಅದನ್ನು ಬಿಟ್ಟು ಮುಂದಿನ 24ನೇ ಪಿನ್ನು 12 ಇಂಚಿನ ಗೆರೆಯ ಮೇಲೇ ಇರಬೇಕು. ಇಂಚಿನ ಹದಿನಾರನೇ ಒಂದು ಭಾಗ ದಾಟಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ದಾಟಿದ್ದರೆ ಫ್ರೀವೀಲೂ ಹೋಯಿತು ಅಂತಲೇ ಲೆಕ್ಕ. ಹೊಸ ಚೈನು ಹಾಕಿದರೂ ಸವೆದ ಹಲ್ಲಿನ ಮೇಲೆ ಜಾರುತ್ತದೆ. ನಿಮ್ಮ ಸಂಡೂರು, ಹೊಸಪೇಟೆ ಕಡೆ ಇದು ಬೇಗ ಬರುತ್ತದೆ. ಅದಿರು ಲಾರಿಯ ಕೆಂಪು ಧೂಳು ಎಣ್ಣೆಗೆ ಮೆತ್ತಿಕೊಂಡು ಸಾಣೆಕಲ್ಲಿನ ಹಾಗೆ ತೇಯುತ್ತದೆ. ಮಾರುವ ಮುಂಚೆ ಡೀಸೆಲ್‌ನಲ್ಲಿ ಒರೆಸಿದರೆ ಫಳಫಳ ಹೊಳೆಯುತ್ತದೆ, ಫೋಟೋಗೆ ಅಷ್ಟು ಸಾಕು. ಸವೆತ ಸ್ಕೇಲಿಗೆ ಮಾತ್ರ ಸಿಗುತ್ತದೆ.

‘ಒಂದೇ ವರ್ಷ ಓಡಿಸಿದ್ದು’ ನಿಜವೇ ಇರಬಹುದು. ಆಮೇಲೆ ಎಷ್ಟು ವರ್ಷ ಬಿಸಿಲಲ್ಲಿ ನಿಂತಿತ್ತು ಅಂತ ಕೇಳಿ. ನಮ್ಮ 40 ಡಿಗ್ರಿ ಬಿಸಿಲಲ್ಲಿ ಗಾಳಿಯಿಲ್ಲದೆ ನಿಂತ ಟೈರಿನ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಂದಿರುತ್ತವೆ. ಹೆಬ್ಬೆರಳಿಂದ ಒತ್ತಿ ನೋಡಿ, ಬಾಯಿ ಬಿಡುತ್ತವೆ. ಟ್ಯೂಬಿನ ಬಗ್ಗೆಯಂತೂ ಯಾರೂ ಬರೆಯುವುದಿಲ್ಲ. ನಮ್ಮೂರಿನ ಹೆಸರನ್ನೇ ಇಟ್ಟುಕೊಂಡ ಜಾಲಿ ಮುಳ್ಳು ಇರುವ ಕಡೆ ಪ್ಯಾಚಿಲ್ಲದ ಹಳೇ ಟ್ಯೂಬು ಎಲ್ಲಿ ಸಿಗಬೇಕು? ಹ್ಯಾಂಡಲ್ಲಿನ ಕೆಳಗೆ ಫ್ರೇಮಿನ ಕೊಳವೆಗಳು ಸೇರುವ ಜಾಗವನ್ನೂ ಬೆರಳಾಡಿಸಿ ನೋಡಿ. ಬಣ್ಣ ಸುಕ್ಕುಗಟ್ಟಿದ್ದರೆ, ಕೊಳವೆ ಉಬ್ಬಿದ್ದರೆ ಎಲ್ಲೋ ಎದುರಿಗೆ ಗುದ್ದಿಸಿದ್ದಾರೆ. ಅದನ್ನು ಬಿಟ್ಟುಬಿಡಿ, ಬೆಲೆ ಎಷ್ಟೇ ಇಳಿಸಲಿ.

ಬೆಲೆಯಲ್ಲೂ ಒಂದು ಸಂಗತಿ ಇದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಅವರು 16,000 ಕೊಟ್ಟದ್ದು ಅದಕ್ಕೆ ಮುಂಚೆ ಆಗಿದ್ದು, ಕಂಪನಿ ಮೂಲ ಬೆಲೆ ಏರಿಸದಿದ್ದರೆ, ಅದೇ ಸೈಕಲ್ ಈಗ ಹೊಸದೇ 15,000ಕ್ಕೆ ಸಿಗಬೇಕು. ಚೌಕಾಸಿ ಅಲ್ಲಿಂದ ಶುರು ಮಾಡಿ.

ಬಿಲ್ ಇಲ್ಲ ಅಂದರೆ ಸೈಕಲ್ಲನ್ನು ಮಗುಚಿ ನೋಡಿ. ಪೆಡಲ್ ತಿರುಗುವ ಜಾಗದ ಅಡಿಯಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಕೊರೆದಿರುತ್ತಾರೆ. ಅದನ್ನು ಉಜ್ಜಿ ಅಳಿಸಿದ್ದರೆ ಸುಮ್ನೆ ವಾಪಸ್ ಬನ್ನಿ. ಕದ್ದ ಮಾಲು ಅಂತ ಗೊತ್ತಿದ್ದೂ, ಇಲ್ಲವೇ ಅನುಮಾನಕ್ಕೆ ಕಾರಣ ಇದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕೊಂಡವರ ಮೇಲೂ ಬೀಳುತ್ತದೆ. ನಂಬರ್ ಸರಿ ಇದ್ದರೆ ಅದನ್ನು ಬರೆದು, ಮಾರುವವರ ಸಹಿ ಹಾಕಿಸಿಕೊಳ್ಳಿ.

ನನ್ನ ಮಾತು ಕೇಳಿದರೆ, 8,500 ಜಾಸ್ತಿ ಆಯಿತು. ಎಲ್ಲ ಸರಿ ಇದ್ದರೂ ಚೈನು, ಟೈರಿನ ಖರ್ಚು ಕಳೆದೇ ಮಾತಾಡಿ. ಮಗನನ್ನು ಕರೆದುಕೊಂಡೇ ಹೋಗಿ, ಅಳತೆ ನೋಡಬೇಕಲ್ಲ. ಆದರೆ ಅಲ್ಲಿ ನಗಬೇಡ ಅಂತ ಮೊದಲೇ ಹೇಳಿರಿ. ಹುಡುಗನ ಮುಖ ಅರಳಿದ್ದು ಕಂಡರೆ ಯಾರೂ ನೂರು ರೂಪಾಯಿ ಇಳಿಸಲ್ಲ.

ಪ್ರಶ್ನೆ: ಅಪ್ಪ ಹೊಲಕ್ಕೆ ಹೋಗಲು 24 ಇಂಚಿನ ಸೈಕಲ್ ಕೇಳಿದರು. ‘24 ಇಂಚು’ ಅಂತ ಬರೆದದ್ದು ನೋಡಿ ಮುಂಗಡ ಕೊಟ್ಟೆ. ತರಲು ಹೋದರೆ ಸಣ್ಣ ಹುಡುಗರ ಸೈಕಲ್! ಇದು ಮೋಸ ಅಲ್ವಾ?
— ಓದುಗರು, ಕುಷ್ಟಗಿ

ಉತ್ತರ: ಇದರಲ್ಲಿ ಮೋಸ ಇಲ್ಲ ತಮ್ಮಾ, ಇಬ್ಬರೂ ಸರಿಯೇ ಹೇಳಿದ್ದಾರೆ. ಅಪ್ಪ ಹೇಳಿದ್ದು ಕರೀ ಬಾರಿನ ಸೈಕಲ್. ಅದರಲ್ಲಿ 22, 24 ಅನ್ನುವುದು ಫ್ರೇಮಿನ ಎತ್ತರ. ಗಾಲಿ 28 ಇಂಚಿನದು, ಟೈರಿನ ಮೇಲೆ ‘28 x 1 1/2’ ಅಂತ ಇರುತ್ತದೆ. ಈಗಿನ ಗೇರ್ ಸೈಕಲ್, ಮಕ್ಕಳ ಸೈಕಲ್ಲುಗಳಲ್ಲಿ 24 ಅಂದರೆ ಗಾಲಿ. ಮುಂಗಡ ನಯವಾಗಿ ವಾಪಸ್ ಕೇಳಿ. ಮುಂದೆ ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಅಚ್ಚಾದ ಅಳತೆಯ ಫೋಟೋ ತರಿಸಿಕೊಳ್ಳಿ. 26ರಲ್ಲೂ ಇಂಥದ್ದೇ ತೊಡಕಿದೆ: ‘26 x 1.95’ ಟೈರಿನ ರಿಮ್ 559 ಮಿ.ಮೀ., ‘26 x 1 3/8’ರದು 590. ಒಂದರ ಟೈರು ಇನ್ನೊಂದಕ್ಕೆ ಕೂರಲ್ಲ.

ಪ್ರಶ್ನೆ: ನನ್ನ ಸೈಕಲ್ಲನ್ನು ಮಾರಾಟಕ್ಕೆ ಹಾಕಿದ ತಕ್ಷಣ ಒಬ್ಬರು ಕೇಳಿದಷ್ಟಕ್ಕೆ ಒಪ್ಪಿದರು. ಕ್ಯೂಆರ್ ಕಳಿಸಿ ‘ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ’ ಅಂತಾರೆ. ಹಾಕಲಾ?
— ವಿದ್ಯಾರ್ಥಿ, ಕೊಪ್ಪಳ

ಉತ್ತರ: ಬೇಡಪ್ಪಾ. ಪಿನ್ ಹಾಕುವುದು ದುಡ್ಡು ಕೊಡಲು, ತಗೊಳ್ಳಲು ಅಲ್ಲ. ಈಗಾಗಲೇ ಹಾಕಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು.

ಪ್ರಶ್ನೆ: ಹಳೇ ಸೈಕಲ್ ಮಾರಬೇಕು. ಇದ್ದದ್ದು ಇದ್ದಂಗೆ ಬರೆದರೆ ಯಾರೂ ಬರಲ್ಲ ಅಂತಾರೆ ಗೆಳೆಯರು. ಹೇಗೆ ಬರೆಯಲಿ?
— ಓದುಗರು, ರಾಯಚೂರು

ಉತ್ತರ: ಕಮ್ಮಿ ಜನ ಬರ್ತಾರೆ, ನಿಜ. ಆದರೆ ಬಂದವರು ಕೊಳ್ತಾರೆ. ‘ಸೂಪರ್ ಕಂಡಿಶನ್’ ನೋಡಿ ಬಂದವರು ಒಂದು ಸುತ್ತು ಹೊಡೆದು, ನಿಮ್ಮ ಮನೇಲಿ ಚಹಾ ಕುಡಿದು, ‘ಮನೇಲಿ ಕೇಳಿ ಹೇಳ್ತೀನಿ’ ಅಂತ ಹೋಗ್ತಾರೆ. ನಿಮ್ಮ ಪತ್ರದಲ್ಲಿದ್ದ ವಿವರವನ್ನೇ ಹೀಗೆ ಬರೆಯಿರಿ:

‘ಗಾಲಿ 26, ಫ್ರೇಮ್ 18 ಇಂಚು, ಸ್ಟೀಲ್. ಗೇರ್ ಇಲ್ಲ. 2021ರಲ್ಲಿ ಕೊಂಡದ್ದು, ಬಿಲ್ ಇದೆ. ಹಿಂದಿನ ಟೈರ್ ಹೊಸದು, ಮುಂದಿನದು ಬದಲಿಸಬೇಕು. ಹಿಂದಿನ ಗಾಲಿ ಸ್ವಲ್ಪ ಔಟ್ ಇದೆ, ಎರಡು ಕಡ್ಡಿ ಹೋಗಿವೆ. ಬ್ರೇಕ್ ಚೆನ್ನಾಗಿದೆ. ಬೆಲೆ 2,800.’

ನೀವು 2,500 ಸಾಕು ಅಂದಿದ್ದಿರಿ. ಮುನ್ನೂರು ನಾನೇ ಸೇರಿಸಿದೆ. ಬಂದವರಿಗೂ ಸ್ವಲ್ಪ ಇಳಿಸಿದ ಖುಷಿ ಬೇಕಲ್ಲ.