ಕುರಿ ಅನ್ನಬೇಡಿ ಮೇಷ್ಟ್ರೇ

ಓದುಗರ ಪತ್ರ:

"ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಅಮೆರಿಕದ ರಾಜಕೀಯದ ಬಗ್ಗೆ ಬಂದ ಲೇಖನ ಓದಿದೆ. ಒಂದು ವಿಷಯ ನನ್ನ ತಲೆಗೆ ಹೋಗುತ್ತಿಲ್ಲ. ಮೆಕ್ಸಿಕೊ ಕಡೆಯಿಂದ ಬರುವವರನ್ನು ಅತ್ಯಾಚಾರಿಗಳು ಅಂತ ಬೈದ ಟ್ರಂಪ್ ಅವರಿಗೆ 2024ರಲ್ಲಿ ಹಿಸ್ಪಾನಿಕ್ ಜನ, ಅಂದರೆ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು, ರಾಶಿ ರಾಶಿ ವೋಟು ಹಾಕಿದರು. ಈಗ ಅವರ ಕೇರಿಗಳಿಗೇ ಪೊಲೀಸರು ನುಗ್ಗುತ್ತಿದ್ದಾರೆ. ಕುರಿ ಕಟುಕನನ್ನೇ ನಂಬುತ್ತೆ ಅನ್ನುವುದು ಇದಕ್ಕೇ ಅಲ್ವಾ? ನನ್ನ ಮಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾನೆ. ಅವನಿಗೂ ಈಗ ಅಲ್ಲಿ ಮತದ ಹಕ್ಕು ಬಂದಿದೆ. ಕೇಳಿದರೆ, 'ಅವರಿಗೆ ಬುದ್ಧಿ ಇಲ್ಲಪ್ಪ' ಅಂದುಬಿಟ್ಟ. ನೀವೇನು ಹೇಳುತ್ತೀರಿ?"
– ನಿವೃತ್ತ ಹೈಸ್ಕೂಲ್ ಮೇಷ್ಟ್ರು, ತೀರ್ಥಹಳ್ಳಿ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ದುಂಡನೆಯ ಅಕ್ಷರ ನೋಡಿಯೇ ಖುಷಿಯಾಯಿತು. ತೀರ್ಥಹಳ್ಳಿಯಲ್ಲಿ ಕೂತು ಇಷ್ಟು ದೂರದ ಜನರ ಬಗ್ಗೆ ತಲೆ ಕೆಡಿಸಿಕೊಳ್ಳುವ ಓದುಗರು ಇದ್ದಾರಲ್ಲ, ಅದೇ ನಮ್ಮ ಪತ್ರಿಕೆಯ ಭಾಗ್ಯ.

ನಿಮ್ಮ ಮಾತಿನಲ್ಲಿ ಸತ್ಯವಿದೆ, ಒಪ್ಪುತ್ತೇನೆ. 2015ರ ಜೂನ್‌ನಲ್ಲಿ ಟ್ರಂಪ್ ಆಡಿದ ಆ ಮಾತು ಕೆಟ್ಟ ಮಾತೇ. ಅದು ಅನೇಕರ ಎದೆಯಲ್ಲಿ ಇವತ್ತಿಗೂ ಮುಳ್ಳಿನಂತೆ ಕೂತಿದೆ. ಆದರೆ ನಿಮ್ಮ ಪತ್ರದ ಒಂದು ಪದ ನನಗೆ ನೋವು ಕೊಟ್ಟಿತು. ಕುರಿ. ನಲವತ್ತು ಮಕ್ಕಳನ್ನು ನಲವತ್ತು ಹೆಸರು ಹಿಡಿದು ಕೂಗಿ ಹಾಜರಿ ಹಾಕಿದವರು ನೀವು. ನಿಮ್ಮ ಬಾಯಲ್ಲಿ ಆ ಪದ ಬರಬಾರದಿತ್ತು.

ಮೊದಲು ಈ 'ಹಿಸ್ಪಾನಿಕ್' ಅನ್ನುವ ಹೆಸರನ್ನೇ ನೋಡೋಣ. ಅದು ಆ ಜನ ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. 1970ರ ದಶಕದಲ್ಲಿ ಅಮೆರಿಕದ ಸರ್ಕಾರ ಲೆಕ್ಕ ಹಾಕುವ ಅನುಕೂಲಕ್ಕೆ ಅದನ್ನು ಗಟ್ಟಿ ಮಾಡಿತು. 1980ರ ಜನಗಣತಿಯಲ್ಲಿ ಎಲ್ಲ ಮನೆಗಳಿಗೂ ಆ ಪ್ರಶ್ನೆ ಹೋಯಿತು. 2020ರ ಹೊತ್ತಿಗೆ ಆ ಹೆಸರಿನ ಕೆಳಗೆ 6 ಕೋಟಿ 20 ಲಕ್ಷ ಜನ ಬಂದರು. ನಮ್ಮ ಕರ್ನಾಟಕದಷ್ಟು ಜನ! ಕಮ್ಯುನಿಸ್ಟ್ ನಾಯಕ ಕ್ಯಾಸ್ಟ್ರೊಗೆ ಹೆದರಿ 1959ರ ನಂತರ ಮಯಾಮಿಗೆ ಬಂದ ಕ್ಯೂಬಾದವರು ಅದರಲ್ಲಿದ್ದಾರೆ. ಅವರಿಗೆ ಎಡಪಂಥ ಅಂದರೆ ಮೈ ಉರಿಯುತ್ತದೆ. 1917ರಿಂದಲೇ ಅಮೆರಿಕದ ಪ್ರಜೆಗಳಾಗಿರುವ ಪೋರ್ಟೊ ರಿಕೊದವರಿದ್ದಾರೆ. ಅವರಿಗೆ ವೀಸಾದ ಗೊಡವೆಯೇ ಇಲ್ಲ. ನಿನ್ನೆ ಮೊನ್ನೆ ವೆನಿಜುವೆಲಾದಿಂದ ಓಡಿಬಂದವರಿದ್ದಾರೆ. 1848ರಲ್ಲಿ ಮೆಕ್ಸಿಕೊ ಯುದ್ಧ ಸೋತು ಅರ್ಧ ನೆಲ ಬಿಟ್ಟುಕೊಟ್ಟಾಗ ಇದ್ದಲ್ಲೇ ಅಮೆರಿಕದವರಾದವರ ಮೊಮ್ಮಕ್ಕಳೂ ಇದ್ದಾರೆ. ಇವರೆಲ್ಲ ಒಂದೇ ಗುಂಡಿ ಒತ್ತಬೇಕು ಅಂದರೆ ಹೇಗೆ?

ಆ ಕೊನೆಯ ಗುಂಪಿನ ಒಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ. 2023ರ ಫೆಬ್ರವರಿಯಲ್ಲಿ ಸ್ಯಾನ್ ಆಂಟೋನಿಯೊದಲ್ಲಿರುವ ನನ್ನ ಭಾವಮೈದುನನ ಮನೆಗೆ ಹೋಗಿದ್ದೆ. ಗಡಿ ನೋಡಬೇಕು ಅಂತ ಹಟ ಹಿಡಿದು ಅವನ ಮಗನನ್ನು ಕರೆದುಕೊಂಡು ಕಾರಿನಲ್ಲಿ ರಿಯೊ ಗ್ರಾಂಡೆ ಸಿಟಿಗೆ ಹೋದೆ. ಸ್ಟಾರ್ ಕೌಂಟಿ ಅನ್ನುವ ಜಿಲ್ಲೆಯ ಮುಖ್ಯ ಊರು ಅದು. ಹೊಳೆ ನೋಡಿ ಬೆರಗಾದೆ. ಬೇಸಿಗೆಯ ತುಂಗೆಗಿಂತ ದೊಡ್ಡದೇನಲ್ಲ. ಆಚೆ ದಡದಲ್ಲಿ ಯಾರೋ ಬಟ್ಟೆ ಒಣಹಾಕಿದ್ದು ಕಾಣುತ್ತಿತ್ತು.

ಮಧ್ಯಾಹ್ನ ಒಂದು ಸಣ್ಣ ಹೋಟೆಲಿಗೆ ಹೋದೆವು. ಅರವತ್ತರ ಆಸುಪಾಸಿನ ಹೆಂಗಸು ಕಬ್ಬಿಣದ ಕಾವಲಿಯ ಮೇಲೆ ಜೋಳದ ತೋರ್ತಿಯಾ ಬೇಯಿಸುತ್ತಿದ್ದರು. ನಮ್ಮ ಕಡೆ ರೊಟ್ಟಿ ತಿರುವಿದ ಹಾಗೇ, ಬರಿ ಬೆರಳಲ್ಲಿ. ಹುಡುಗ ಸ್ಕೂಲಿನಲ್ಲಿ ಸ್ಪ್ಯಾನಿಷ್ ಕಲಿತಿದ್ದ, ಮಾತು ನಡೆಯಿತು. "ನಿಮ್ಮವರು ಯಾವಾಗ ಗಡಿ ದಾಟಿ ಬಂದರು?" ಅಂತ ಕೇಳಿಸಿದೆ. ಆಕೆ ಕೈ ಒರೆಸಿಕೊಂಡು ಹೇಳಿದರು: "ನಾವು ಗಡಿ ದಾಟಲಿಲ್ಲ. ಗಡಿಯೇ ನಮ್ಮನ್ನು ದಾಟಿಹೋಯಿತು." ಇದು ಆ ಕಡೆ ಎಲ್ಲರೂ ಆಡುವ ಮಾತು ಅಂತ ಆಮೇಲೆ ಗೊತ್ತಾಯಿತು. ಆಕೆಯ ಗಂಡ ಪಶ್ಚಿಮ ಟೆಕ್ಸಸ್‌ನ ಎಣ್ಣೆ ಬಾವಿಯಲ್ಲಿ ದುಡಿಯುತ್ತಾರೆ. ಮಗ ಗಡಿ ಕಾಯುವ ಪೊಲೀಸ್. ಕೌಂಟರಿನ ಪಕ್ಕ ಗ್ವಾದಲೂಪೆ ಮಾತೆಯ, ಅಂದರೆ ಮೆಕ್ಸಿಕೊದವರು ಪೂಜಿಸುವ ಮೇರಿಯಮ್ಮನ ಪಟ. ಅದರ ಕೆಳಗೆ ಮೊಟ್ಟೆಯ ಡಬ್ಬಿ. ಅದನ್ನು ತೋರಿಸಿ ಆಕೆ ಹೇಳಿದ್ದು ಒಂದೇ ಮಾತು: "ಇದರ ಬೆಲೆ ಬಗ್ಗೆ ಯಾರೂ ಕೇಳೋಲ್ಲ."

ಟ್ರಂಪ್ ಬೈದದ್ದು? "ನನ್ನನ್ನು ಬೈದದ್ದಲ್ಲ" ಅಂದರು. ಅವರ ಎದುರಾಳಿ ಪಕ್ಷದ ಡೆಮಾಕ್ರಟರು? "ನಾಲ್ಕು ವರ್ಷಕ್ಕೊಮ್ಮೆ ಟಾಕೊ ತಿನ್ನೋಕೆ ಬರ್ತಾರೆ."

ವಾಪಸ್ ಬರುವಾಗ ಫಾಲ್ಫುರಿಯಾಸ್ ಹತ್ತಿರ ತಪಾಸಣೆ ಗೇಟು. ಗಡಿ ಎಷ್ಟೋ ಮೈಲಿ ಹಿಂದೆ ಉಳಿದಿದೆ, ಆದರೂ ಪ್ರತಿ ಕಾರನ್ನೂ ನಿಲ್ಲಿಸುತ್ತಾರೆ. ನನ್ನ ಪಾಸ್‌ಪೋರ್ಟ್ ತಿರುವಿ ನೋಡಿದ ಹುಡುಗನ ಎದೆಯ ಪಟ್ಟಿಯಲ್ಲಿ ಸ್ಪ್ಯಾನಿಷ್ ಹೆಸರೇ ಇತ್ತು. ಗಡಿ ಪಡೆಯಲ್ಲಿ ಸುಮಾರು ಅರ್ಧದಷ್ಟು ಜನ ಹಿಸ್ಪಾನಿಕ್‌ಗಳೇ ಅಂತೆ. ಆ ತಾಯಿಗೆ 'ಗಡಿ ಬಿಗಿ ಮಾಡುತ್ತೇವೆ' ಅಂದರೆ ಅದು ಮಗನ ಸಂಬಳ. 'ಎಣ್ಣೆ ತೆಗೆಯುವುದು ಕಡಿಮೆ ಮಾಡುತ್ತೇವೆ' ಅಂದರೆ ಅದು ಗಂಡನ ಕೆಲಸ.

ಆ ಸ್ಟಾರ್ ಕೌಂಟಿಯಲ್ಲಿ 2016ರಲ್ಲಿ ಡೆಮಾಕ್ರಟ್ ಅಭ್ಯರ್ಥಿ ಹಿಲರಿ ಕ್ಲಿಂಟನ್‌ಗೆ ನೂರಕ್ಕೆ 79 ವೋಟು ಬಿದ್ದಿತ್ತು. 2024ರಲ್ಲಿ ಟ್ರಂಪ್ ಗೆದ್ದರು. ಅಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಹಿಂದೆ ಗೆದ್ದದ್ದು 1892ರಲ್ಲಿ! ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಮೊಟ್ಟೆಯ ಡಬ್ಬಿ.

ಈಗ ಟ್ರಂಪ್ ಅವರ ಪಕ್ಷದ, ರಿಪಬ್ಲಿಕನ್ನರ ಕಥೆಗೆ ಬರೋಣ. ಈ ಜನರನ್ನು ಒಲಿಸಿಕೊಳ್ಳಲು ಆ ಪಕ್ಷ ನಲವತ್ತು ವರ್ಷದಿಂದ ಒದ್ದಾಡುತ್ತಿದೆ. ದೇವರು, ಸಂಸಾರ, ಸ್ವಂತ ದುಡಿಮೆ, ಸಣ್ಣ ಅಂಗಡಿ, ಇವೆಲ್ಲ ಇಬ್ಬರಿಗೂ ಪ್ರಿಯ. "ಲ್ಯಾಟಿನೊಗಳು (ಇದೇ ಜನಕ್ಕೆ ಇರುವ ಇನ್ನೊಂದು ಹೆಸರು) ರಿಪಬ್ಲಿಕನ್ನರೇ, ಅದು ಅವರಿಗೆ ಇನ್ನೂ ಗೊತ್ತಾಗಿಲ್ಲ ಅಷ್ಟೆ" ಅಂತ ಆ ಪಕ್ಷದ ಅಧ್ಯಕ್ಷ ರೇಗನ್ ಹೇಳುತ್ತಿದ್ದರು ಅನ್ನುವ ಮಾತಿದೆ. ಅವರು ಬರೀ ಮಾತಾಡಲಿಲ್ಲ. 1986ರ ಕಾನೂನಿಗೆ ಸಹಿ ಹಾಕಿ ಕಾಗದಪತ್ರ ಇಲ್ಲದ ಸುಮಾರು 27 ಲಕ್ಷ ಜನರಿಗೆ ನೆಲೆ ಕೊಟ್ಟರು.

ಎಂಟೇ ವರ್ಷಕ್ಕೆ ಅದೇ ಪಕ್ಷ ಕ್ಯಾಲಿಫೋರ್ನಿಯಾದಲ್ಲಿ ಕೈಯಾರೆ ಕೆಡಿಸಿಕೊಂಡಿತು. 1994ರಲ್ಲಿ ಗವರ್ನರ್ ಪೀಟ್ ವಿಲ್ಸನ್ 187ನೇ ಪ್ರಸ್ತಾವದ ಬೆನ್ನಿಗೆ ನಿಂತರು. ಕಾಗದವಿಲ್ಲದವರ ಮಕ್ಕಳಿಗೆ ಸರ್ಕಾರಿ ಶಾಲೆ ಇಲ್ಲ, ತುರ್ತು ಬಿಟ್ಟರೆ ಆಸ್ಪತ್ರೆಯೂ ಇಲ್ಲ ಅನ್ನುವ ಪ್ರಸ್ತಾವ ಅದು. ಜನರ ಮತದಲ್ಲಿ ಗೆದ್ದಿತು, ವಿಲ್ಸನ್ ಕೂಡ ಗೆದ್ದರು. ಕೋರ್ಟು ತಡೆಯಿತು. ಆದರೆ ಕಾಗದ ಇದ್ದವರೂ 'ನಾಳೆ ನಮ್ಮ ಸರದಿ' ಅಂದುಕೊಂಡರು. ಪೌರತ್ವ ತೆಗೆದುಕೊಂಡರು, ಮತಪಟ್ಟಿಗೆ ಹೆಸರು ಸೇರಿಸಿದರು. 1988ರ ನಂತರ ಒಂದೇ ಒಂದು ಅಧ್ಯಕ್ಷೀಯ ಚುನಾವಣೆಯಲ್ಲೂ ಆ ರಾಜ್ಯ ರಿಪಬ್ಲಿಕನ್ನರಿಗೆ ಒಲಿದಿಲ್ಲ. ಅದೊಂದೇ ಕಾರಣ ಅಂತ ಹೇಳಲಾರೆ. ಆದರೆ ಶಾಲೆಯ ಬಾಗಿಲಿಗೆ ಬೀಗ ಹಾಕಲು ಹೊರಟವರನ್ನು ಯಾವ ತಾಯಿ ಮರೆಯುತ್ತಾಳೆ ಹೇಳಿ?

ಅದೇ ಪಕ್ಷದ ಅಧ್ಯಕ್ಷರಾಗಿದ್ದ ಬುಷ್ ಕಿರಿಯರು ಬೇರೆ ಥರ. ಟೆಕ್ಸಸ್‌ನಲ್ಲಿ ಬೆಳೆದವರು, ಹರುಕು ಮುರುಕು ಸ್ಪ್ಯಾನಿಷ್ ಆಡುವವರು. ಅವರ ತಮ್ಮ ಜೆಬ್‌ನ ಹೆಂಡತಿ ಮೆಕ್ಸಿಕೊದವರು. ಸಂಸಾರದ ಮೌಲ್ಯಗಳು ರಿಯೊ ಗ್ರಾಂಡೆ ಹೊಳೆಯ ದಡದಲ್ಲೇ ನಿಂತುಬಿಡುವುದಿಲ್ಲ ಅನ್ನುತ್ತಿದ್ದರು. ಅವರ ಯುದ್ಧಗಳನ್ನು ನಾನು ಒಪ್ಪಿದವನಲ್ಲ. ಆದರೆ ಈ ವಿಷಯದಲ್ಲಿ ಅವರ ಮೇಲೆ ನನಗೆ ಗೌರವವಿದೆ. 2004ರಲ್ಲಿ ಅವರಿಗೆ ನೂರಕ್ಕೆ 40ರ ಆಸುಪಾಸು ಹಿಸ್ಪಾನಿಕ್ ವೋಟು ಬಿತ್ತು. 2012ರಲ್ಲಿ ಪಕ್ಷದ ಅಭ್ಯರ್ಥಿ ರಾಮ್ನಿ 'ಅವರೇ ಬೇಸತ್ತು ವಾಪಸ್ ಹೋಗುವ ಹಾಗೆ ಮಾಡೋಣ' ಅಂದರು. 27ಕ್ಕೆ ಇಳಿಯಿತು.

ಆ ಸೋಲಿನ ನಂತರ, 2013ರ ಮಾರ್ಚ್‌ನಲ್ಲಿ, ಪಕ್ಷವೇ ಒಂದು ವರದಿ ಬರೆಸಿತು. ವಲಸೆ ಕಾನೂನು ಸುಧಾರಿಸದಿದ್ದರೆ ನಮಗೆ ಉಳಿಗಾಲವಿಲ್ಲ ಅಂತ ಅದರಲ್ಲಿ ಒಪ್ಪಿಕೊಂಡಿತು. ಅದೇ ಜೂನ್‌ನಲ್ಲಿ ಸೆನೆಟ್‌ನಲ್ಲಿ 68–32 ಮತದಿಂದ ಮಸೂದೆಯೂ ಪಾಸಾಯಿತು. ರಿಪಬ್ಲಿಕನ್ನರ ಹಿಡಿತದಲ್ಲಿದ್ದ ಕೆಳಮನೆ ಅದನ್ನು ಚರ್ಚೆಗೂ ತೆಗೆದುಕೊಳ್ಳಲಿಲ್ಲ. ಎರಡು ವರ್ಷಕ್ಕೆ ಟ್ರಂಪ್ ಬಂದು ಆ ವರದಿಯ ಮಾತಿಗೆ ತದ್ವಿರುದ್ಧ ನಡೆದರು. ಆದರೂ 2024ರಲ್ಲಿ, ಮತಗಟ್ಟೆಯ ಹೊರಗೆ ಕೇಳಿದ ಲೆಕ್ಕದಲ್ಲಿ, ಅವರಿಗೆ ನೂರಕ್ಕೆ 46.

ನಿಮ್ಮ ಪ್ರಶ್ನೆ ಇಲ್ಲೇ ಇರುವುದು, ಅಲ್ವಾ? ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮಪ್ಪನ ಹತ್ತಿರ. ಅವರು ಊರಲ್ಲಿ ಹತ್ತಾರು ಜನಕ್ಕೆ ಕೈಗಡ ಕೊಡುತ್ತಿದ್ದರು. ಪತ್ರ ಇಲ್ಲ, ಬಡ್ಡಿ ಇಲ್ಲ. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಮೊತ್ತ, ಅಷ್ಟೆ. ತಮ್ಮನ್ನು ಹಿಂದೆ ಬೈದವನಿಗೂ ಕೊಟ್ಟಿದ್ದರು. ಅಮ್ಮ ರೇಗಿದರೆ, "ಅವನ ಬಾಯಿಗೆ ಕೊಟ್ಟಿಲ್ಲ, ಕೆಲಸಕ್ಕೆ ಕೊಟ್ಟಿದೀನಿ" ಅನ್ನುತ್ತಿದ್ದರು. ಹೇಳಿದ ಹೊತ್ತಿಗೆ ವಾಪಸ್ ಬರದಿದ್ದರೆ ಮುಂದಿನ ಸಲ ಅವನಿಗೆ ಇಲ್ಲ.

ವೋಟು ಅಂಥದ್ದೇ ಅಂತ ನಾನು ಮೂವತ್ತು ವರ್ಷದಿಂದ ಬರೆಯುತ್ತಾ ಬಂದಿದ್ದೇನೆ. ಅದು ದಾನವಲ್ಲ, ಮದುವೆಯೂ ಅಲ್ಲ. ಕೈಗಡ. ಡೆಮಾಕ್ರಟರಿಗೆ ತಲೆಮಾರುಗಳ ಕಾಲ ಆ ಸಾಲ ಸಿಕ್ಕಿತು, ಸುಮ್ನೆ ಸಿಗಲಿಲ್ಲ. ಆ ಪಕ್ಷದ ಲಿಂಡನ್ ಜಾನ್ಸನ್ 1928ರಲ್ಲಿ ಟೆಕ್ಸಸ್‌ನ ಕೊಟುಲ್ಲಾದಲ್ಲಿ ಮೆಕ್ಸಿಕನ್ ಮಕ್ಕಳ ಶಾಲೆಗೆ ಮೇಷ್ಟ್ರಾಗಿದ್ದರು. ಮೊದಲ ಸಂಬಳದಲ್ಲಿ ಮಕ್ಕಳಿಗೆ ಆಟದ ಸಾಮಾನು ತಂದುಕೊಟ್ಟರು. ಆ ಮಕ್ಕಳು ಹಸಿದು ಶಾಲೆಗೆ ಬರುತ್ತಿದ್ದುದನ್ನು 1965ರಲ್ಲಿ, ಅಧ್ಯಕ್ಷರಾಗಿ, ಸಂಸತ್ತಿನ ಮುಂದೆ ನೆನೆದು ಮತದ ಹಕ್ಕಿನ ಕಾನೂನು ಕೇಳಿದರು. ನೀವೂ ಮೇಷ್ಟ್ರು, ನಿಮಗೆ ಇದು ಬೇಗ ಅರ್ಥವಾಗುತ್ತದೆ.

ಆಮೇಲಿನ ಡೆಮಾಕ್ರಟರು ಆ ಸಾಲ ತೀರಿಸುವುದನ್ನೇ ಮರೆತರು. ಆ ಜನವನ್ನು 'ಲ್ಯಾಟಿನೆಕ್ಸ್' ಅಂತ, ಗಂಡು ಹೆಣ್ಣು ಭೇದವಿಲ್ಲದ ಹೊಸ ಹೆಸರಿನಿಂದ ಕರೆಯತೊಡಗಿದರು. 2020ರಲ್ಲಿ ಹೊರಬಂದ, ಪ್ಯೂ ಅನ್ನುವ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ ಆ ಹೆಸರು ಬಳಸುತ್ತೇವೆ ಅಂದವರು ನೂರಕ್ಕೆ ಮೂರು ಜನ. ಕೆಲಸ, ಬಾಡಿಗೆ, ಮೊಟ್ಟೆ ಅಂತ ಕೇಳಿದವರಿಗೆ ಹೊಸ ಪದ ಸಿಕ್ಕಿತು. ಅವರು ಬೇರೆ ಕಡೆ ಹೋದದ್ದು ತಪ್ಪಾ?

ಮತ್ತೆ, ಟ್ರಂಪ್ ಅವರಿಗೂ ಆ ಕೈಗಡ ಶಾಶ್ವತವಾಗಿ ಸಿಕ್ಕಿಲ್ಲ. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೂಲಿಕಾರರು ನಿಲ್ಲುವ ಜಾಗ, ಕಾರು ತೊಳೆಯುವ ಜಾಗಗಳಿಗೆ ವಲಸೆ ಪೊಲೀಸರು ನುಗ್ಗಿದರು. ಮೈಬಣ್ಣ, ಭಾಷೆ ನೋಡಿ ತಡೆಯುತ್ತಾರೆ ಅನ್ನುವ ದೂರು ಸುಪ್ರೀಂ ಕೋರ್ಟ್ ತನಕ ಹೋಯಿತು. ನಿಮ್ಮ ಮಗನ ರಾಜ್ಯದಲ್ಲೇ ಪಸೇಯಿಕ್ ಅನ್ನುವ ಕೌಂಟಿ ಇದೆ, ಹಿಸ್ಪಾನಿಕ್ ಜನ ತುಂಬಿದ ಜಾಗ. 2024ರಲ್ಲಿ ಅದು ಟ್ರಂಪ್ ಅವರಿಗೆ ಒಲಿದಿತ್ತು. ಒಂದೇ ವರ್ಷಕ್ಕೆ, 2025ರ ನವೆಂಬರ್‌ನಲ್ಲಿ, ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟ್ ಮಿಕಿ ಶೆರಿಲ್ ಅವರ ಕೈ ಹಿಡಿಯಿತು. ಕುರಿಗಳು ಹೀಗೆ ಮಾಡುತ್ತವಾ ಮೇಷ್ಟ್ರೇ? ಇದು ಲೆಕ್ಕ ಇಟ್ಟುಕೊಂಡವರು ಮಾಡುವ ಕೆಲಸ.

ನನ್ನ ಸಿಟ್ಟು ಇರುವುದು ನಿಮ್ಮ ಮೇಲಲ್ಲ, ನಮ್ಮ ಕಸುಬಿನ ಮೇಲೆ. 'ಮತಬ್ಯಾಂಕ್' ಅನ್ನುವ ಪದವನ್ನು ಓದುಗರ ಬಾಯಿಗೆ ತುರುಕಿದವರು ನಾವು. ಟೀವಿಯಲ್ಲಿ ಜಿಲ್ಲೆಯೊಂದನ್ನು ತೋರಿಸಿ 'ಈ ಜಾತಿ ಇಷ್ಟು, ಆ ಜಾತಿ ಅಷ್ಟು' ಅಂತ ತಕ್ಕಡಿಗೆ ಹಾಕುತ್ತೇವೆ. ಆ ಜಿಲ್ಲೆಯ ಒಂದು ಹೋಟೆಲಿನಲ್ಲಿ ಕೂತು ಕಾಫಿ ಕುಡಿದಿರುವುದಿಲ್ಲ. ನಮ್ಮ ಪುಟಗಳಲ್ಲಿ ಆ ಪದ ಇನ್ನು ಬರಕೂಡದು ಅಂತ ನಮ್ಮ ಡೆಸ್ಕಿನವರಿಗೆ ಹೇಳಿದ್ದೇನೆ. ಅಮೆರಿಕದ ಸುದ್ದಿಯನ್ನೂ ಏಜೆನ್ಸಿ ಕಳಿಸಿದ ಹಾಗೇ ಇಳಿಸಿಬಿಡುತ್ತೇವೆ, 'ಹಿಸ್ಪಾನಿಕ್ ಮತ ಯಾರಿಗೆ?' ಅಂತ. ನಾಳೆ ಇನ್ಯಾರೋ ಅಲ್ಲಿ 'ಇಂಡಿಯನ್ ಮತ ಯಾರಿಗೆ?' ಅಂತ ಬರೆದರೆ, ನಿಮ್ಮ ಮಗ, ಅವನ ಪಕ್ಕದ ಮನೆಯ ಗುಜರಾತಿ ವ್ಯಾಪಾರಿ, ಟ್ಯಾಕ್ಸಿ ಓಡಿಸುವ ಪಂಜಾಬಿ, ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಿದಂತೆ ಆಗುವುದಿಲ್ಲವೇ? ಅವನಿಗೆ ಅದು ಹಿಡಿಸುತ್ತದೆಯೇ, ಕೇಳಿ ನೋಡಿ.

ಒಂದು ಕೋರಿಕೆ. ಎಡಿಸನ್‌ನಿಂದ ಪಸೇಯಿಕ್‌ಗೆ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಒಂದು ಭಾನುವಾರ ಮಗನಿಗೆ ಅಲ್ಲಿಗೆ ಹೋಗಲು ಹೇಳಿ. ಯಾವುದಾದರೂ ಸಣ್ಣ ಅಂಗಡಿಯಲ್ಲಿ ಕೂತು ಊಟ ಮಾಡಲಿ. 2024ರಲ್ಲಿ ಯಾರಿಗೆ ಹಾಕಿದಿರಿ, 2025ರಲ್ಲಿ ಯಾಕೆ ಬದಲಾಯಿಸಿದಿರಿ ಅಂತ ವಿನಯದಿಂದ ಕೇಳಲಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಕನ್ನಡದಲ್ಲಿ ಬರೆದು ನಿಮಗೆ ಕಳಿಸಲಿ, ನೀವು ಕಾಗುಣಿತ ತಿದ್ದಿ ನನಗೆ ಕಳಿಸಿ. ನಾಲ್ಕು ಪುಟ ಎತ್ತಿಟ್ಟಿರುತ್ತೇನೆ.