ನಕ್ಕಿದ್ದು ಯಾವ ಸಾಲಿಗೆ ಅಂತ ಹೇಳಿ

ಈ ಸಲ ಫ್ಯಾನ್ ಫಿಕ್ಷನ್, ಅಂದರೆ ಮೆಚ್ಚಿದ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆಗಳ ಬಗ್ಗೆಯೇ ನಾಲ್ಕು ಪ್ರಶ್ನೆ ಬಂದಿವೆ. ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಬಾಹ್ಯಾಕಾಶದ ಟಿವಿ ಧಾರಾವಾಹಿ ಸ್ಟಾರ್ ಟ್ರೆಕ್‌ನ ಸ್ಪಾಕ್‌ನನ್ನು ಇಟ್ಟುಕೊಂಡು ಒಂದು ತಮಾಷೆ ಪ್ರೇಮಕಥೆ ಬರೆದು ಫ್ಯಾನ್ ಫಿಕ್ಷನ್ ಜಾಲತಾಣ ಎಒ3ಯಲ್ಲಿ ಹಾಕಿದೆ. ತಾನು ಮದುವೆಗೆ ಕೇಳಿದರೆ ಹುಡುಗಿ ಒಪ್ಪುವ ಸಾಧ್ಯತೆ ಎಷ್ಟು ಶೇಕಡಾ ಅಂತ ಅವನು ಹಡಗಿನ ಕಂಪ್ಯೂಟರನ್ನು ಗುಟ್ಟಾಗಿ ಕೇಳುತ್ತಾನೆ. ಅದು ಉತ್ತರವನ್ನು ಇಡೀ ಹಡಗಿಗೇ ಕೇಳುವ ಹಾಗೆ ಹೇಳಿಬಿಡುತ್ತದೆ. 41 ಕುಡೋಸ್ (ಲೈಕ್ ಥರ) ಬಂತು, ಕಾಮೆಂಟ್ ಎರಡೇ. ಒಂದು ‘ಸೂಪರ್’, ಇನ್ನೊಂದು ‘ಮುಂದಿನ ಭಾಗ ಯಾವಾಗ?’. ಬೇಜಾರಾಗಿದೆ. – ಓದುಗರು, ದಾವಣಗೆರೆ

ಉತ್ತರ: ಬೇಜಾರಾಗದೆ ಇರುತ್ತಾ? ಆದರೆ ಆ 41 ಸಣ್ಣದಲ್ಲ. ಅಲ್ಲಿ ಒಬ್ಬರು ಒಂದು ಕಥೆಗೆ ಒಂದೇ ಸಲ ಕುಡೋಸ್ ಕೊಡಬಹುದು, ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಅಂದರೆ ಹೆಚ್ಚುಕಡಿಮೆ ಅಷ್ಟು ಜನ ನಿಮ್ಮ ಕಥೆ ಓದಿ ಖುಷಿಪಟ್ಟಿದ್ದಾರೆ. ಏನು ಬರೆಯಬೇಕು ಅಂತ ಅವರಿಗೆ ತೋಚಿಲ್ಲ, ಅಷ್ಟೇ.

ನೀವು ಕಾಯುತ್ತಿರುವುದು ಕಾಗದಕ್ಕೆ, ಅಲ್ವಾ? ಆ ಆಸೆ ಇವತ್ತಿನದಲ್ಲ. 1967ರಲ್ಲಿ ನ್ಯೂಯಾರ್ಕ್‌ನ ಅಭಿಮಾನಿಗಳು ‘ಸ್ಪಾಕನೇಲಿಯಾ’ ಅನ್ನೋ ಮೊದಲ ಸ್ಟಾರ್ ಟ್ರೆಕ್ ಫ್ಯಾನ್‌ಜೀನ್, ಅಂದರೆ ಅಭಿಮಾನಿಗಳೇ ಹೊರತರುವ ಪತ್ರಿಕೆ, ತಂದಾಗ ಓದುಗರ ಮಾತೆಲ್ಲ ಅಂಚೆಯಲ್ಲೇ ಬರಬೇಕಿತ್ತು. ಅಂಥ ಪತ್ರಕ್ಕೆ ‘ಲೆಟರ್ ಆಫ್ ಕಾಮೆಂಟ್’ ಅಂತಲೇ ಹೆಸರು. ಸೈ-ಫೈ ಫ್ಯಾನ್‌ಜೀನ್‌ಗಳಲ್ಲಿ ಎಷ್ಟೋ ಕಡೆ ಒಳ್ಳೆ ಪತ್ರ ಬರೆದವರಿಗೆ ಸಂಚಿಕೆಯನ್ನೇ ಪುಕ್ಕಟೆ ಕಳಿಸುತ್ತಿದ್ದರು. ಕಥೆ ಬರೆದವರಿಗೆ ದುಡ್ಡಿಲ್ಲ, ಸಂಭಾವನೆ ಅಂದರೆ ಆ ಪತ್ರಗಳೇ.

ಒಂದು ಕೆಲಸ ಮಾಡಿ. ಕಥೆಯ ಕೊನೆಯಲ್ಲಿ ಒಂದು ಸಾಲು ಸೇರಿಸಿ: ‘ನಿಮಗೆ ನಗು ಬಂದ ಸಾಲನ್ನು ಕೆಳಗೆ ಹಾಕಿ.’ ಅಷ್ಟು ಕೇಳಿದರೆ ಸಂಕೋಚದ ಓದುಗರೂ ಬಾಯಿಬಿಡುತ್ತಾರೆ. ‘ಸೂಪರ್’ ಅಂದವರಿಗೂ ‘ಥ್ಯಾಂಕ್ಸ್, ನಿಮಗೆ ಯಾವ ಜಾಗ ಇಷ್ಟ ಆಯ್ತು?’ ಅಂತ ಮರುಪ್ರಶ್ನೆ ಹಾಕಿ. ತಮಾಷೆ ಬರೆಯುವವರಿಗೆ ಇದು ಜಾಸ್ತಿ ಬೇಕು. ಎದುರು ಕೂತು ಹೇಳಿದರೆ ಮುಖ ನೋಡಿ ಗೊತ್ತಾಗುತ್ತದೆ, ಬರೆದರೆ ಯಾರಾದರೂ ಹೇಳಿದರೆ ಮಾತ್ರ.

ಪ್ರಶ್ನೆ: ನನ್ನ ಕಥೆಯ ನಾಯಕಿಗೆ 19 ವರ್ಷ. ವೀಣೆ ನುಡಿಸುತ್ತಾಳೆ, ಎಂಜಿನ್ ರಿಪೇರಿ ಮಾಡುತ್ತಾಳೆ, ಸ್ಟಾರ್ ಟ್ರೆಕ್ ಹಡಗಿನ ಕ್ಯಾಪ್ಟನ್ ಕರ್ಕ್ ನೋಡಿದ ಕೂಡಲೇ ಮನಸೋಲುತ್ತಾನೆ. ‘ಇವಳು ಬರೀ ಮೇರಿ ಸೂ’ ಅಂತ ಯಾರೋ ಬರೆದಿದ್ದಾರೆ. ಅಳು ಬಂತು. ಆ ಕಾಮೆಂಟ್ ಅಳಿಸಿಬಿಡಲಾ? – ಓದುಗರು, ಮೈಸೂರು

ಉತ್ತರ: ಆ ಹೆಸರು ಎಲ್ಲಿಂದ ಬಂತು ಅಂತ ಮೊದಲು ತಿಳಿದುಕೊಳ್ಳಿ. 1973ರಲ್ಲಿ ಪೌಲಾ ಸ್ಮಿತ್ ‘ಮೆನಾಜರಿ’ ಅನ್ನೋ ಫ್ಯಾನ್‌ಜೀನ್‌ನಲ್ಲಿ ಪುಟ್ಟದೊಂದು ಅಣಕು ಕಥೆ ಬರೆದರು. ಅದರಲ್ಲಿ ಲೆಫ್ಟಿನೆಂಟ್ ಮೇರಿ ಸೂಗೆ ಹದಿನೈದೂವರೆ ವರ್ಷ. ಬಂದ ಗಳಿಗೆಯಲ್ಲೇ ಕ್ಯಾಪ್ಟನ್ ಪ್ರೇಮಕ್ಕೆ ಬೀಳುತ್ತಾನೆ, ಅವಳು ಎಲ್ಲರನ್ನೂ ಕಾಪಾಡುತ್ತಾಳೆ, ಕೊನೆಗೆ ಸಾಯುತ್ತಾಳೆ, ಹಡಗಿನವರೆಲ್ಲ ಅಳುತ್ತಾರೆ. ಆಗ ಅಂಥ ಕಥೆಗಳು ರಾಶಿ ರಾಶಿ ಬರುತ್ತಿದ್ದವು, ಅವನ್ನು ಓದಿ ಓದಿ ಸಾಕಾದ ಒಬ್ಬ ಓದುಗರ ಪ್ರತಿಕ್ರಿಯೆ ಅದು. ಅದನ್ನೂ ಕಥೆಯಾಗಿಯೇ ಬರೆದರು, ನಗಿಸುತ್ತಲೇ ಬರೆದರು. ಆಮೇಲೆ ಆ ಹೆಸರನ್ನೇ ಕೋಲು ಮಾಡಿಕೊಂಡು, ಹೊಸದಾಗಿ ಬರೆಯುವ ಹೆಣ್ಣುಮಕ್ಕಳಿಗೆ ಹೊಡೆಯುವುದು ಶುರುವಾಯಿತು. ನನಗೆ ಇದು ಸ್ವಲ್ಪವೂ ಇಷ್ಟವಿಲ್ಲ. ಕರ್ಕ್‌ಗೂ ಎಷ್ಟೋ ಗ್ರಹಗಳಲ್ಲಿ ಹೆಣ್ಣುಗಳು ಮನಸೋಲುತ್ತಾರೆ, ಅದನ್ನು ನಾವೆಲ್ಲ ಖುಷಿಯಿಂದಲೇ ನೋಡಿದ್ದೇವೆ. ನಿಮ್ಮ ಹುಡುಗಿಗೆ ಯಾಕೆ ಬೇಡ?

ಕಾಮೆಂಟ್ ಅಳಿಸುವ ಹಕ್ಕು ನಿಮ್ಮದು, ನಿಮ್ಮ ಕಥೆಯ ಕೆಳಗಿನದನ್ನು ನೀವೇ ಅಳಿಸಬಹುದು. ಎರಡು ದಿನ ಬಿಟ್ಟು ನೋಡಿ, ಆಗಲೂ ಚುಚ್ಚಿದರೆ ಅಳಿಸಿ. ಕಥೆಗೆ ಮಾತ್ರ ಒಂದು ಸಲಹೆ ಇದೆ. ಅವಳಿಗೆ ಬರದೇ ಇರುವುದು ಏನಾದರೂ ಇರಲಿ. ಎಂಜಿನ್ ಬಿಚ್ಚಿ ಜೋಡಿಸುವವಳಿಗೆ ಕರ್ಕ್ ಎದುರು ನಿಂತರೆ ತನ್ನ ಹೆಸರೇ ನೆನಪಾಗುವುದಿಲ್ಲ ಅಂತಿಟ್ಟುಕೊಳ್ಳಿ, ಅಲ್ಲಿಂದ ನಗು ತಾನಾಗಿ ಬರುತ್ತದೆ.

ಪ್ರಶ್ನೆ: ನನ್ನ ನಾಯಕ ಕ್ಷಮೆ ಕೇಳಲು ಭೂಮಿಯಿಂದ ಪ್ರಾಕ್ಸಿಮಾ ನಕ್ಷತ್ರಕ್ಕೆ ವಾರ್ಪ್ 6 ವೇಗದಲ್ಲಿ ಅರ್ಧ ಗಂಟೆಯಲ್ಲಿ ಹೋಗುತ್ತಾನೆ. ಓದಿದ ಗೆಳೆಯ ಲೆಕ್ಕ ತಪ್ಪು ಅಂದ. ತಮಾಷೆ ಕಥೆಗೆ ಲೆಕ್ಕ ಯಾಕೆ? – ಓದುಗರು, ಉಡುಪಿ

ಉತ್ತರ: ಗೆಳೆಯ ಹೇಳಿದ್ದು ಸರಿ. ಜೊತೆಗೆ ನಿಮಗೊಂದು ಒಳ್ಳೆ ದೃಶ್ಯವನ್ನೂ ಕೊಟ್ಟಿದ್ದಾರೆ. ಹಳೆಯ ಸ್ಟಾರ್ ಟ್ರೆಕ್ ಲೆಕ್ಕದಲ್ಲಿ ವಾರ್ಪ್ 6 ಅಂದರೆ 6×6×6, ಬೆಳಕಿಗಿಂತ 216 ಪಟ್ಟು ವೇಗ. ಪ್ರಾಕ್ಸಿಮಾ ಇರುವುದು 4.24 ಜ್ಯೋತಿರ್ವರ್ಷ ದೂರದಲ್ಲಿ. ಹೋಗಲು ಸುಮಾರು ಏಳು ದಿನ ಬೇಕು. ಏಳು ದಿನ ಅವನು ಆ ಸಣ್ಣ ಹಡಗಿನಲ್ಲಿ ಒಬ್ಬನೇ ಕೂತು ‘ಸಾರಿ’ ಹೇಳುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಲಿ. ಮೊದಲ ದಿನ ಅರ್ಧ ಗಂಟೆಯ ಭಾಷಣ, ಮೂರನೇ ದಿನ ಸಿಟ್ಟು, ಐದನೇ ದಿನ ಕವನ, ಏಳನೇ ದಿನ ಬಾಗಿಲು ತೆರೆದಾಗ ಬಾಯಿಂದ ಬರುವುದು ‘ಊಟ ಆಯ್ತಾ?’ ಮಾತ್ರ. ಇದನ್ನು ಖಂಡಿತ ಬರೆಯಿರಿ, ನಾನೇ ಕಾಯುತ್ತಿರುತ್ತೇನೆ. ಗೆಳೆಯನಿಗೆ ಕಥೆಯಲ್ಲೇ ಥ್ಯಾಂಕ್ಸ್ ಹೇಳಿ.

ಪ್ರಶ್ನೆ: ಇಂಗ್ಲಿಷ್ ಕಥೆ ಓದಿ ತುಂಬಾ ನಕ್ಕೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಕನ್ನಡದಲ್ಲಿ ಕಾಮೆಂಟ್ ಹಾಕಬಹುದಾ? – ಓದುಗರು, ಮಸ್ಕತ್

ಉತ್ತರ: ಹಾಕಿ. ‘ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು’ ಅಂತ ಕನ್ನಡ ಅಕ್ಷರದಲ್ಲೇ ಬರೆದು, ಹಾಗಂದರೇನು ಅಂತ ನಿಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೆಳಗೆ ಹೇಳಿ. ಯಾವ ಸಾಲಿಗೆ ಅನ್ನುವುದನ್ನು ಮಾತ್ರ ಮರೆಯಬೇಡಿ.