ಮಡಿಕೇರಿಯಲ್ಲಿ ಬೆಕ್ಕಿಗೆ ಬೆಲ್ಟ್ ಕಟ್ಟಿ ವಾಕಿಂಗ್ ಕರೆದೊಯ್ಯಬಹುದೇ? ಯಾವ ಕಾಲರ್ ಒಳ್ಳೆಯದು?

ಕಾಲರ್ ಬೇಡವೇ ಬೇಡ. ಎದೆ, ಹೊಟ್ಟೆಯನ್ನು ಸುತ್ತುವ ಹಾರ್ನೆಸ್ ತನ್ನಿ. ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟೇ ಸಡಿಲವಿರಲಿ. ನಾನೂ ಇಷ್ಟನ್ನು ತಿಳಿದೇ ಶುರು ಮಾಡಿದ್ದೆ.

ನಮ್ಮದು ವಿರಾಜಪೇಟೆ ಕಡೆ, ಕಾಫಿ ತೋಟದೊಳಗಿನ ಮನೆ. ಮೊದಲ ಸಲ ಹಾರ್ನೆಸ್ ತೊಡಿಸಿದಾಗ ನಮ್ಮ ಬೆಕ್ಕು ಬೆನ್ನ ಮೇಲೆ ಅಕ್ಕಿಮೂಟೆ ಹೇರಿದಂತೆ ನೆಲಕ್ಕೆ ಬಿದ್ದು ಅಲ್ಲಾಡಲೇ ಇಲ್ಲ. ಅದು ಮಾಮೂಲು, ಹೆದರಬೇಡಿ. ಒಣಮೀನಿನ ಚೂರು ತೋರಿಸುತ್ತ ಮನೆಯೊಳಗೇ ರೂಢಿ ಮಾಡಿಸಿದೆ. ಆಮೇಲೆ ಅಂಗಳಕ್ಕೆ ಕರೆತಂದೆ. ತಂದದ್ದು ಕೊಡವರ ಕೈಲ್ ಮುಹೂರ್ತದ ದಿನ. ಸೆಪ್ಟೆಂಬರ್ ಆರಂಭದ ಆ ಹಬ್ಬದಲ್ಲಿ ಕೋವಿಗೆ ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆಂದು ನಿಮಗೆ ನಾನು ಹೇಳಬೇಕೇ? ಪಕ್ಕದ ಮನೆಯಿಂದ ಢಂ ಎಂದಿತು. ಬೆಕ್ಕು ನನ್ನ ಕಡೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಸರಿಯಿತು. ನಾನು ಹಗ್ಗ ಎಳೆದೆ.

ಕೆಟ್ಟದ್ದು ಅಲ್ಲೇ. ಬೆಕ್ಕು ಎದುರಿಗಿದ್ದು ಹಿಂದಕ್ಕೆ ಜಗ್ಗುವಾಗ ನೀವು ಮುಂದಕ್ಕೆ ಎಳೆದರೆ ಹಾರ್ನೆಸ್ ಭುಜ ದಾಟಿ ತಲೆಯ ಕಡೆಗೆ ಜಾರುತ್ತದೆ. ಬೆಕ್ಕಿನ ಕೊರಳೆಲುಬು (ಕಾಲರ್ ಬೋನ್) ಬೇರೆ ಎಲುಬಿಗೆ ಜೋಡಣೆಯಾಗಿರುವುದಿಲ್ಲ, ಮಾಂಸಖಂಡದ ನಡುವೆ ಇರುತ್ತದೆ. ಹಾಗಾಗಿ ಭುಜವನ್ನು ಕುಗ್ಗಿಸುವುದು ಅದಕ್ಕೆ ಲೀಲಾಜಾಲ. ಕಿವಿ ಹಿಂದಕ್ಕೆ ಮಲಗಿದವು, ಒಂದು ಮುಂಗಾಲು ಮಡಚಿ ಹೊರಬಂತು, ಮರುಗಳಿಗೆಯಲ್ಲಿ ತಲೆ. ಹಾರ್ನೆಸ್‌ನ ಅಳತೆ ಸರಿಯಿತ್ತು, ಬಿಗಿಯೂ ಸರಿಯಿತ್ತು. ಎಷ್ಟು ದುಡ್ಡು ಸುರಿದು ತಂದದ್ದಾದರೂ ಮುಂದಿನಿಂದ ಎಳೆದರೆ ಕಳಚಿಕೊಳ್ಳಬಹುದು. ಮಾಡಬೇಕಾದದ್ದು ತದ್ವಿರುದ್ಧ: ಹಗ್ಗ ಸಡಿಲ ಬಿಟ್ಟು, ಬಗ್ಗಿ, ನೀವೇ ಬೆಕ್ಕಿನ ಪಕ್ಕದಿಂದ ಬಾಲದ ಕಡೆಗೆ ಹೋಗಬೇಕು. ಆಗ ಅದು ಓಡಿದರೂ ಪಟ್ಟಿ ಎದೆಗೇ ಒತ್ತುತ್ತದೆ. ಅಂಗಳಕ್ಕೆ ಹೋಗುವ ಮುಂಚೆ ಇದನ್ನು ಮನೆಯೊಳಗೆ ಅಭ್ಯಾಸ ಮಾಡಿ. ಬೆಕ್ಕಿಗಲ್ಲ, ನಿಮ್ಮ ಕೈಗೆ.

ಬೆಕ್ಕು ಸಿಲ್ವರ್ ಓಕ್ ಮರವೇರಿ ರಾತ್ರಿಯಿಡೀ ಮಳೆಯಲ್ಲಿ ಅರಚಿತು. ಬೆಳಿಗ್ಗೆ ಮರ ಕಪಾತು ಮಾಡುವವರು ಏಣಿ ಇಟ್ಟು ಇಳಿಸಿದರು. ಅವರಲ್ಲೊಬ್ಬ, "ಅಕ್ಕಾ, ನಾಯಿಯನ್ನೇ ಸಾಕಬಾರದಿತ್ತೇ?" ಎಂದ. ಅವನ ಮಾತಿನಲ್ಲಿ ತಪ್ಪೇನಿದೆ? ಜೊತೆಯಲ್ಲಿ ನಡೆಯಲೇಬೇಕೆಂದರೆ ನಾಯಿಯನ್ನೇ ಸಾಕಿ. ಬೆಕ್ಕು ವಾಕಿಂಗ್ ಬರುವುದಿಲ್ಲ. ಕಾಫಿ ಗಿಡದ ಬುಡದಲ್ಲಿ ಕೂತು ಮೂಸುತ್ತದೆ, ನೀವು ಹಗ್ಗ ಹಿಡಿದು ಕಾಯುತ್ತೀರಿ. ಅದಕ್ಕೆ ಒಪ್ಪಿಗೆಯಿದ್ದರೆ ಮಾತ್ರ ಮುಂದುವರಿಯಿರಿ. ಪ್ರವಾಸಿಗರ ಗದ್ದಲದ ರಾಜಾಸೀಟ್‌ಗೆ ಕರೆದೊಯ್ಯುವ ಆಸೆಯನ್ನಂತೂ ಈಗಲೇ ಬಿಡಿ.

ಬಾಗಿಲಿನಿಂದ ಆಚೆಗೆ ಎತ್ತಿಕೊಂಡೇ ಹೋಗಿ. ತಾನೇ ಹೊಸ್ತಿಲು ದಾಟಿ ರೂಢಿಯಾದರೆ ಬಾಗಿಲು ತೆರೆದಾಗಲೆಲ್ಲ ನುಗ್ಗುತ್ತದೆ. ರೇಬೀಸ್ ಲಸಿಕೆ ಮೊದಲೇ ಹಾಕಿಸಿರಿ. ಒಳಗೆ ಬಂದ ಮೇಲೆ ಬೆರಳ ಸಂದಿ, ಕಿವಿಯ ಹಿಂಭಾಗದಲ್ಲಿ ಜಿಗಣೆ, ಉಣುಗು ಹುಡುಕಿ. ನಾಯಿಗೆಂದು ತಂದ ಉಣುಗಿನ ಔಷಧವನ್ನು ಮಾತ್ರ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕು ಸತ್ತೇ ಹೋಗಬಹುದು.